ಪುಳ್ಳೆ, ಒಕೋತೆ, ಲುಚೀನ: ಒಲೆ ಹೊತ್ತಿಸುವ ಕಟ್ಟಿಗೆಯ ನಾನಾ ಹೆಸರು

ದಪ್ಪನೆಯ ಜಾಲಿ ಬೊಡ್ಡೆಯೊಂದನ್ನು ಒಲೆಗಿಟ್ಟು ಕಡ್ಡಿ ಗೀರಿ ಹಿಡಿಯಿರಿ. ಕಡ್ಡಿ ಉರಿದು ಮುಗಿಯುತ್ತದೆ, ಬೆರಳು ಚುರ್ ಅನ್ನುತ್ತದೆ, ಬೊಡ್ಡೆಗೆ ಏನೂ ಆಗಿರುವುದಿಲ್ಲ. ಒಂದಿಷ್ಟು ಮಸಿ ಹತ್ತಿರಬಹುದು, ಅಷ್ಟೇ. ಆದರೆ ಅದೇ ಬೊಡ್ಡೆಗೆ ಒಮ್ಮೆ ಉರಿ ಹತ್ತಿತು ಅಂದರೆ ಗಂಟೆಗಟ್ಟಲೆ ಕಾಯುತ್ತದೆ. ಕಡ್ಡಿಯ ಚಿಕ್ಕ ಉರಿಗೂ ಬೊಡ್ಡೆಯ ದೊಡ್ಡ ಉರಿಗೂ ನಡುವೆ ಏನೋ ಒಂದು ಬೇಕು. ಬೇಗ ಹೊತ್ತುವಂಥದ್ದು, ಹೊತ್ತಿ ಸ್ವಲ್ಪ ಹೊತ್ತು ನಿಲ್ಲುವಂಥದ್ದು.

ಆ ನಡುವಿನ ವಸ್ತುವಿಗೆ ಬೇರೆ ಬೇರೆ ಭಾಷೆಗಳು ಏನೇನು ಹೆಸರಿಟ್ಟಿವೆ ಅಂತ ನೋಡುತ್ತಾ ಹೋದರೆ ಒಂದು ಸಂಗತಿ ಕಾಣುತ್ತದೆ. ಒಂದೊಂದು ನಾಡಿಗೆ ಬೆಂಕಿಯ ಒಂದೊಂದು ಹಂತ ಕಷ್ಟ. ಯಾವ ಹಂತ ಕಷ್ಟವೋ ಅಲ್ಲೇ ಹೆಸರುಗಳು ಜಾಸ್ತಿ.

ಮೊದಲು ನಮ್ಮ ಮನೆಯಿಂದಲೇ ಶುರು ಮಾಡೋಣ. ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯ ಬಾಯಿಮಾತಿನಲ್ಲಿ ಕಟ್ಟಿಗೆ ಅನ್ನುವುದು ‘ಕಟಗಿ’ ಆಗುತ್ತದೆ. ಹಳೇ ಮೈಸೂರಿನವರು ಸೌದೆ ಅನ್ನುತ್ತಾರೆ. ಒಲೆ ಹೊತ್ತಿಸುವ ಸಣ್ಣ ಒಣ ಕಡ್ಡಿಗಳಿಗೆ ಪುಳ್ಳೆ ಅನ್ನಿ, ಪುಳ್ಳಿ ಅನ್ನಿ, ಪುರಳೆ ಅನ್ನಿ, ಎಲ್ಲವೂ ಹತ್ತಿರ ಹತ್ತಿರದ ಮಾತೇ. ಮಲೆನಾಡಿಗೆ ಹೋದರೆ ಜಿಗ್ಗು, ದರಗು ಅನ್ನುವ ಮಾತುಗಳು ಸಿಗುತ್ತವೆ. ಒಂದು ಸಣ್ಣ ರೆಂಬೆಗಳ ರಾಶಿ, ಇನ್ನೊಂದು ಒಣಗಿ ಉದುರಿದ ಎಲೆ.

ಬಳ್ಳಾರಿಯಲ್ಲಿ ತೆಲುಗು ಕಿವಿಗೆ ಬೀಳದ ದಿನವಿಲ್ಲ. ತೆಲುಗಿನಲ್ಲಿ ಸಣ್ಣ ಕಡ್ಡಿಗೆ ಪುಲ್ಲ. ನಮ್ಮ ಪುಳ್ಳೆಗೆ ಎಷ್ಟು ಹತ್ತಿರ ನೋಡಿ. ಬೆಂಕಿಕಡ್ಡಿಗೆ ಅವರು ಅಗ್ಗಿಪುಲ್ಲ ಅನ್ನುತ್ತಾರೆ. ಉರಿ ಹಚ್ಚಲು ಆಯ್ದು ತರುವ ಚಿಕ್ಕ ಚಿಕ್ಕ ಒಣ ಕಡ್ಡಿಗಳಿಗೆ ಚಿತುಕುಲು ಅಂತ ಬೇರೆಯದೇ ಹೆಸರಿದೆ. ಮುರಿದಾಗ ಬರುವ ಚಿಟಚಿಟ ಸದ್ದು ಆ ಹೆಸರಿನಲ್ಲೇ ಕೇಳಿಸಿದ ಹಾಗಾಗುತ್ತದೆ. ತಮಿಳಿನಲ್ಲಿ ಇದೇ ಕಡ್ಡಿಗಳು ಸುಳ್ಳಿ. ಕನ್ನಡದವರಿಗೆ ನಗು ಬರಬಹುದು, ಆದರೆ ಅದಕ್ಕೂ ಸುಳ್ಳು ಹೇಳುವುದಕ್ಕೂ ಸಂಬಂಧ ಇಲ್ಲ. ಕೊಳ್ಳಿ ಅನ್ನುವ ಮಾತು ಮಾತ್ರ ದಕ್ಷಿಣದಲ್ಲೆಲ್ಲ ಓಡಾಡುತ್ತದೆ. ನಮಗೆ ಕೊಳ್ಳಿ ಅಂದರೆ ಆಗಲೇ ಉರಿ ಹತ್ತಿದ ಕಟ್ಟಿಗೆ. ಮಲಯಾಳಂನಲ್ಲಿ ಉರಿ ಹತ್ತದಿದ್ದರೂ ಅದು ಕೊಳ್ಳಿಯೇ. ಅಲ್ಲಿ ಬೆಂಕಿಕಡ್ಡಿಯೂ ತೀಪ್ಪೆಟ್ಟಿಕ್ಕೊಳ್ಳಿ.

ಸಣ್ಣ ಕಡ್ಡಿಯೇ ಯಾಕೆ?

ಹೆಸರುಗಳ ಹಿಂದೆ ಹೋಗುವ ಮುನ್ನ ಈ ಪ್ರಶ್ನೆ ಬಗೆಹರಿಯಬೇಕು. ಕಟ್ಟಿಗೆ ಉರಿಯುತ್ತದೆ ಅನ್ನುತ್ತೇವೆ. ನಿಜವಾಗಿ ಉರಿಯುವುದು ಕಟ್ಟಿಗೆಯಿಂದ ಹೊರಬರುವ ಗ್ಯಾಸ್. ಮರ 200 ಡಿಗ್ರಿ ಸೆಲ್ಸಿಯಸ್ ದಾಟಿ ಕಾದಾಗ ಒಳಗೇ ಒಡೆಯಲು ಶುರುವಾಗುತ್ತದೆ. 300ರ ಆಸುಪಾಸಿಗೆ ಬಂದರೆ ಉರಿಯುವ ಗ್ಯಾಸ್ ಧಾರಾಳವಾಗಿ ಹೊಮ್ಮುತ್ತದೆ. ಆ ಗ್ಯಾಸಿಗೆ ಗಾಳಿ ಸೇರಿ ಹತ್ತಿಕೊಂಡಾಗ ಕಾಣುವುದೇ ಜ್ವಾಲೆ. ಗ್ಯಾಸ್ ಎಲ್ಲ ಹೋದ ಮೇಲೆ ಉಳಿಯುವುದು ಇದ್ದಿಲು. ಅದು ಜ್ವಾಲೆಯಿಲ್ಲದೆ ಕೆಂಡವಾಗಿ ಕಾಯುತ್ತದೆ.

ಹಾಗಾದರೆ ಒಲೆ ಹೊತ್ತಿಸುವುದು ಅಂದರೆ ಕಟ್ಟಿಗೆಯ ಮೇಲ್ಮೈಯನ್ನು ಅಷ್ಟು ಬಿಸಿ ಮಾಡುವುದು. ಇದಕ್ಕೆ ಎರಡು ಅಡ್ಡಿ. ಒಂದು, ದಪ್ಪ ಬೊಡ್ಡೆ ಮೇಲೆ ಬಿದ್ದ ಶಾಖವನ್ನೆಲ್ಲ ಒಳಕ್ಕೆ ಎಳೆದುಕೊಳ್ಳುತ್ತದೆ. ಮೇಲ್ಮೈ ಕಾಯುವುದೇ ಇಲ್ಲ. ಇನ್ನೊಂದು, ನೀರು. ಹಸಿ ಮರದಲ್ಲಿ ತೂಕದ ಅರ್ಧದಷ್ಟು ನೀರೇ ಇರಬಹುದು. ನೀರನ್ನು ಆವಿ ಮಾಡಲು ಬೇಕಾದ ಶಾಖ, ಅದನ್ನು ಕುದಿಯುವ ಮಟ್ಟಕ್ಕೆ ತರಲು ಬೇಕಾದ ಶಾಖಕ್ಕಿಂತ ಐದು ಪಟ್ಟಿಗೂ ಜಾಸ್ತಿ. ಹಸಿ ಕಟ್ಟಿಗೆ ಒಲೆಗಿಟ್ಟರೆ ನಿಮ್ಮ ಉರಿಯೆಲ್ಲ ಅದರ ನೀರು ಕಾಯಿಸುವುದಕ್ಕೇ ಖರ್ಚು. ಉಳಿಯುವುದು ಹೊಗೆ, ಕಣ್ಣೀರು.

ಈಗ ಸೀಳುವ ಲೆಕ್ಕ ನೋಡಿ. 10 ಸೆಂಟಿಮೀಟರ್ ಅಗಲ, 10 ಸೆಂಟಿಮೀಟರ್ ದಪ್ಪ, 30 ಸೆಂಟಿಮೀಟರ್ ಉದ್ದದ ಒಂದು ತುಂಡು. ಅದರ ನಾಲ್ಕು ಬದಿಗಳ ಮೇಲ್ಮೈ 1,200 ಚದರ ಸೆಂಟಿಮೀಟರ್. ಅದನ್ನು ಬೆರಳು ದಪ್ಪದ, ಅಂದರೆ 1 ಸೆಂಟಿಮೀಟರ್ ಕಡ್ಡಿಗಳಾಗಿ ಸೀಳಿದರೆ 100 ಕಡ್ಡಿ. ಮೇಲ್ಮೈ 12,000 ಚದರ ಸೆಂಟಿಮೀಟರ್. ಮರ ಅಷ್ಟೇ, ತೂಕ ಅಷ್ಟೇ, ಉರಿ ಹಿಡಿಯುವ ಜಾಗ ಮಾತ್ರ ಹತ್ತು ಪಟ್ಟು. ಕಡ್ಡಿ ತೆಳ್ಳಗಿರುವುದರಿಂದ ಬೇಗ ಕಾಯುತ್ತದೆ, ಬೇಗ ಒಣಗುತ್ತದೆ, ಸುತ್ತ ಗಾಳಿಯೂ ಸಿಗುತ್ತದೆ. ಪುಳ್ಳೆಯ ಗುಟ್ಟು ಇಷ್ಟೇ.

ಇಂಗ್ಲಿಷಿನಲ್ಲಿ ಈ ಕೆಲಸಕ್ಕೆ ಎರಡು ಬೇರೆ ಹೆಸರುಗಳಿವೆ. ಕಿಡಿ ಬಿದ್ದರೆ ಸಾಕು ಹತ್ತಿಕೊಳ್ಳುವ ನಾರು, ಹೊಟ್ಟು, ಒಣ ಅಣಬೆಗೆ ಟಿಂಡರ್. ಟಿಂಡರಿನಿಂದ ಉರಿ ಪಡೆದು ದಪ್ಪ ಕಟ್ಟಿಗೆಗೆ ದಾಟಿಸುವ ಕಡ್ಡಿಗಳಿಗೆ ಕಿಂಡ್ಲಿಂಗ್. ಜರ್ಮನ್ ಭಾಷೆಯ ತ್ಸುಂಡರ್, ಟಿಂಡರಿನ ನೆಂಟ. ಕೊಳೆತು ಹಗುರಾದ ಮರವನ್ನೂ ಟಿಂಡರಿನ ಹಾಗೆ ಬಳಸುತ್ತಿದ್ದರು, ಅದಕ್ಕೆ ಇಂಗ್ಲಿಷಿನಲ್ಲಿ ಟಚ್‌ವುಡ್ ಅನ್ನುವ ಹೆಸರಿತ್ತು. ದೃಷ್ಟಿ ತಾಗದಿರಲಿ ಅಂತ ಮೇಜು ಮುಟ್ಟಿ ಹೇಳುತ್ತಾರಲ್ಲ, ಅದಕ್ಕೂ ಇದಕ್ಕೂ ಗಂಟು ಹಾಕಬೇಡಿ.

ಯುರೋಪಿನಲ್ಲಿ ಬಹಳ ಹೆಸರು ಮಾಡಿದ ಟಿಂಡರ್ ಅಂದರೆ ಮರದ ಕಾಂಡದ ಮೇಲೆ ಗೊರಸಿನ ಹಾಗೆ ಬೆಳೆಯುವ ಒಂದು ಅಣಬೆ. ಫ್ರೆಂಚರು ಅದರಿಂದ ಮಾಡಿದ ಮೆತ್ತನೆಯ ಪದರಕ್ಕೆ ಅಮಾದು ಅನ್ನುತ್ತಿದ್ದರು. 1991ರಲ್ಲಿ ಆಲ್ಪ್ಸ್ ಬೆಟ್ಟದ ಹಿಮದಲ್ಲಿ ಸುಮಾರು 5,300 ವರ್ಷ ಹಿಂದಿನ ಮನುಷ್ಯನ ಶವ ಸಿಕ್ಕಿತಲ್ಲ, ಓಟ್ಜಿ ಅಂತ ಹೆಸರಿಟ್ಟಿದ್ದಾರೆ, ಅವನ ಹತ್ತಿರವೂ ಈ ಅಣಬೆ ಇತ್ತು.

ಅಂಟು ತುಂಬಿದ ಮರ

ಚಳಿ, ಮಳೆ, ಹಿಮ ಇರುವ ನಾಡುಗಳಲ್ಲಿ ಒಣ ಕಡ್ಡಿ ಸಿಗುವುದೇ ಕಷ್ಟ. ಬಿದ್ದದ್ದೆಲ್ಲ ನೆನೆದಿರುತ್ತದೆ. ಅಲ್ಲಿ ಪೈನ್ ಮರ ಜನರ ಕೈ ಹಿಡಿಯಿತು. ಪೈನ್ ಮರಕ್ಕೆ ಗಾಯವಾದರೆ, ಇಲ್ಲವೇ ಕಡಿದು ಬುಡ ಉಳಿದರೆ, ಆ ಜಾಗದಲ್ಲಿ ಅಂಟು ತುಂಬಿಕೊಳ್ಳುತ್ತದೆ. ಪೇಂಟ್ ಅಂಗಡಿಯಲ್ಲಿ ಸಿಗುವ ಟರ್ಪೆಂಟೈನ್ ತೆಗೆಯುವುದು ಇದೇ ಅಂಟಿನಿಂದ. ಅಂಟು ತುಂಬಿದ ಮರಕ್ಕೆ ನೀರು ಸುಲಭವಾಗಿ ಇಳಿಯುವುದಿಲ್ಲ. ಮಳೆಯಲ್ಲಿ ಬಿದ್ದಿದ್ದರೂ ಒಂದು ಚಕ್ಕೆ ಸೀಳಿ ಕಡ್ಡಿ ಗೀರಿದರೆ ಉರಿಯುತ್ತದೆ. ಕರಿ ಹೊಗೆ ಜಾಸ್ತಿ, ಆದ್ದರಿಂದ ಇದರ ಮೇಲೆ ರೊಟ್ಟಿ ಸುಡಲಾಗದು. ಹೊತ್ತಿಸಲು ಮಾತ್ರ ಇದನ್ನು ಮೀರಿಸಿದ್ದಿಲ್ಲ.

ಪೈನ್ ಇರುವ ಕಡೆಯೆಲ್ಲ ಇದಕ್ಕೆ ಪ್ರತ್ಯೇಕ ಹೆಸರಿದೆ. ನೇಪಾಳಿಯಲ್ಲಿ ದಿಯಾಲೊ, ದೀಪವಾಗಿಯೂ ಉರಿಸುತ್ತಿದ್ದ ಪೈನ್ ಸೀಳು. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಫ್ಯಾಟ್‌ವುಡ್, ಅಂದರೆ ಕೊಬ್ಬು ತುಂಬಿದ ಮರ. ಫಿನ್ಲೆಂಡಿನಲ್ಲಿ ತೆರ್ವಸ್. ಅವರ ಭಾಷೆಯಲ್ಲಿ ತೆರ್ವ ಅಂದರೆ ಡಾಂಬರಿನಂಥ ಕಪ್ಪು ಮರದೆಣ್ಣೆ. ಜರ್ಮನಿಯಲ್ಲಿ ಅಂಟುಮರಕ್ಕೆ ಕೀನ್, ಅದರ ಚಕ್ಕೆಗೆ ಕೀನ್‌ಷ್ಪಾನ್. ಅಲ್ಲಿ ಪೈನ್ ಮರದ ಹೆಸರು ಕೀಫರ್. ಆ ಹೆಸರು ಹುಟ್ಟಿದ್ದೇ ಈ ಕೀನ್‌ನಿಂದ. ಒಲೆ ಹೊತ್ತಿಸುವ ಚಕ್ಕೆಯ ಹೆಸರನ್ನು ಮರಕ್ಕೇ ಕೊಟ್ಟುಬಿಟ್ಟರು.

ರಷ್ಯದ ಲುಚೀನದ ಕಥೆ ಸ್ವಲ್ಪ ಬೇರೆ. ಅದು ಒಣ ಮರದಿಂದ, ಹೆಚ್ಚಾಗಿ ಬರ್ಚ್‌ನಿಂದ ಸೀಳಿದ ಉದ್ದನೆಯ ತೆಳು ಚಕ್ಕೆ. ಒಲೆ ಹೊತ್ತಿಸಲೂ ಅದೇ, ಚಳಿಗಾಲದ ಉದ್ದ ರಾತ್ರಿಗಳಲ್ಲಿ ಮನೆ ಬೆಳಗಲೂ ಅದೇ. ಕಬ್ಬಿಣದ ಹಿಡಿಗೆ ಸಿಕ್ಕಿಸಿ ಉರಿಸುತ್ತಿದ್ದರು. ಒಂದು ಮುಗಿಯುತ್ತಿದ್ದಂತೆ ಇನ್ನೊಂದು. ಕಿರಣಕ್ಕೆ ಅವರು ಲುಚ್ ಅನ್ನುತ್ತಾರೆ. ಎರಡೂ ಒಂದೇ ಬೇರಿನ ಪದಗಳು.

ಮೆಕ್ಸಿಕೋದಲ್ಲಿ ಇದು ಒಕೋತೆ. ಈಗಲೂ ಅಲ್ಲಿನ ಸಂತೆಗಳಲ್ಲಿ ಕಟ್ಟು ಕಟ್ಟಿ ಮಾರುತ್ತಾರೆ. ಸ್ಪ್ಯಾನಿಷರು ಬರುವ ಮುಂಚೆ ಅಲ್ಲಿದ್ದ ಜನರ ನಾವಾತ್ಲ್ ಭಾಷೆಯ ಓಕೋತ್ಲ್ ಅನ್ನುವ ಪದದಿಂದ ಬಂದದ್ದು. ಈ ನಾವಾತ್ಲ್ ಭಾಷೆಯನ್ನು ನೆನಪಿಟ್ಟುಕೊಳ್ಳಿ, ನಮ್ಮ ಬಳ್ಳಾರಿಗೂ ಅದಕ್ಕೂ ಒಂದು ನಂಟು ಮುಂದೆ ಬರುತ್ತದೆ.

ಚೀನಾದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಸಣ್ಣ ಪೈನ್ ಕಡ್ಡಿಗಳಿಗೆ ಗಂಧಕ ಹಚ್ಚಿ ಇಟ್ಟುಕೊಳ್ಳುತ್ತಿದ್ದರು. ಕೆಂಡಕ್ಕೆ ತಾಗಿಸಿದರೆ ಭಗ್ ಅಂತ ಹೊತ್ತುತ್ತಿತ್ತು. 10ನೇ ಶತಮಾನದ ಬರಹವೊಂದು ಇದಕ್ಕೆ ‘ಬೆಳಕು ತರುವ ಆಳು’ ಅನ್ನುವ ಹೆಸರಿತ್ತೆಂದು ಹೇಳುತ್ತದೆ. ಆಮೇಲೆ ಅದು ಅಂಗಡಿಯ ಸರಕಾಯಿತು, ಹೆಸರೂ ಬದಲಾಯಿತು: ‘ಬೆಂಕಿಯ ಅಂಗುಲ’. ಜಪಾನಿನ ತ್ಸುಕೆಗಿಯೂ ಇದೇ ಬಗೆ, ತುದಿಗೆ ಗಂಧಕ ಮೆತ್ತಿದ ತೆಳು ಮರದ ಹಾಳೆ. ಉಜ್ಜಿದರೆ ತಾನೇ ಹೊತ್ತುವ ಕಡ್ಡಿ ಬಂದದ್ದು ತೀರಾ ಈಚೆಗೆ. ಇಂಗ್ಲೆಂಡಿನ ಜಾನ್ ವಾಕರ್ ಅನ್ನುವ ಔಷಧ ವ್ಯಾಪಾರಿ 1826ರಲ್ಲಿ ಕಂಡುಹಿಡಿದು ಮರುವರ್ಷ ಮಾರಾಟಕ್ಕಿಟ್ಟ.

ನಮ್ಮ ಕಡೆಯ ಪರದಾಟ ಬೇರೆ

ಇಷ್ಟೆಲ್ಲ ಹೆಸರು ಕೇಳಿದ ಮೇಲೆ ಕನ್ನಡಕ್ಕೆ ಅಂಟುಮರದ ಚಕ್ಕೆಗೆ ಮನೆಮನೆಯ ಮಾತೊಂದು ಯಾಕಿಲ್ಲ ಅನ್ನಿಸಬಹುದು. ನಮಗೆ ಬೇಕಾಗಲಿಲ್ಲ, ಅಷ್ಟೇ. ರಾಯಚೂರು, ಬಳ್ಳಾರಿ ಬಯಲಿನಲ್ಲಿ ಮಳೆ ಬರುವುದೇ ಕಡಿಮೆ. ಏಪ್ರಿಲ್ ತಿಂಗಳಲ್ಲಿ ಇಲ್ಲಿ ಒಣಗದ ಕಡ್ಡಿ ಎಲ್ಲಿದೆ? ಬೆಂಕಿ ಹೊತ್ತಿಸುವುದು ನಮಗೆ ದೊಡ್ಡ ಕೆಲಸ ಅಲ್ಲ. ಹೊತ್ತಿದ ಉರಿಯನ್ನು ಅಡುಗೆ ಮುಗಿಯುವ ತನಕ ಉಳಿಸಿಕೊಳ್ಳುವುದೇ ಕಷ್ಟ. ಕಾಡಿಲ್ಲ, ದಪ್ಪ ಕಟ್ಟಿಗೆ ಇಲ್ಲ. ಹಾಗಾಗಿ ನಮ್ಮ ಮಾತುಗಳು ಬೆಳೆದದ್ದು ಹೊಲದಲ್ಲಿ.

ಹತ್ತಿ ಬಿಡಿಸಿ ಮುಗಿದ ಮೇಲೆ ಕಿತ್ತ ಗಿಡ ಹತ್ತಿಕಟ್ಟಿಗೆ. ತೊಗರಿ ಬಡಿದ ಮೇಲೆ ಉಳಿದದ್ದು ತೊಗರಿಕಟ್ಟಿಗೆ. ಜೋಳದ ದಂಟು ಮೊದಲು ದನಕ್ಕೆ, ದನ ಬಿಟ್ಟದ್ದು ಒಲೆಗೆ. ತುಂಗಭದ್ರಾ ಕಾಲುವೆ ಬಂದು ಗಂಗಾವತಿ, ಸಿಂಧನೂರು ಕಡೆ ಭತ್ತ ಬಂದ ಮೇಲೆ ಭತ್ತದ ಹೊಟ್ಟೂ ಸೇರಿಕೊಂಡಿತು. ತೊಗರಿಕಟ್ಟಿಗೆ ಪುಳ್ಳೆಯೂ ಹೌದು, ಕಟ್ಟಿಗೆಯೂ ಹೌದು. ತುದಿಯ ಸಣ್ಣ ರೆಂಬೆಗಳು ಹೊತ್ತಿಸುತ್ತವೆ, ಬುಡ ಕಾಯಿಸುತ್ತದೆ. ಹೆಂಚಿನ ಮೇಲೆ ರೊಟ್ಟಿ ಇದ್ದಾಗ ಉರಿಯನ್ನು ಏರಿಸಿ ಇಳಿಸಲು ಇದಕ್ಕಿಂತ ಹದವಾದದ್ದು ಇಲ್ಲ. ಒಂದು ಹಿಡಿ ಮುಂದಕ್ಕೆ ತಳ್ಳಿದರೆ ಉರಿ ಏರಿತು, ಎಳೆದರೆ ಇಳಿಯಿತು.

ಉರಿ ನಿಲ್ಲಿಸುವ ಕೆಲಸ ಕುಳ್ಳಿನದು. ದಕ್ಷಿಣದವರು ಬೆರಣಿ ಅನ್ನುತ್ತಾರೆ, ತೆಲುಗರು ಪಿಡಕ, ಮರಾಠಿಯವರು ಗೋವರಿ, ತಮಿಳರು ವರಟ್ಟಿ. ಮರವೇ ಇಲ್ಲದ ಮಂಗೋಲಿಯದ ಹುಲ್ಲುಗಾವಲಿನಲ್ಲೂ ಒಣ ಸಗಣಿಗೆ ಸ್ವಂತ ಹೆಸರಿದೆ, ಅರ್ಗಲ್. ಕುಳ್ಳು ಮೆಲ್ಲಗೆ ಹೊತ್ತುತ್ತದೆ, ಮೆಲ್ಲಗೆ ಕಾಯುತ್ತದೆ. ಹಾಲು ಕಾಸಲು ಇದೇ ಬೇಕು.

ಸಗಣಿ ಸುಡುವುದು ಈ ನೆಲದಲ್ಲಿ ಎಷ್ಟು ಹಳೆಯದು ಅಂದರೆ, ಅದರ ಗುರುತು ಬಳ್ಳಾರಿ ಸುತ್ತ ದಿಬ್ಬಗಳಾಗಿ ನಿಂತಿದೆ. ಕುಡತಿನಿಯಲ್ಲಿ ರಸ್ತೆ ಬದಿಗೇ ದೊಡ್ಡ ಬೂದಿದಿಬ್ಬವಿದೆ. ಹಂಪಿ ಹತ್ತಿರದ ನಿಂಬಾಪುರದ ದಿಬ್ಬವನ್ನು ಜನ ವಾಲಿಯನ್ನು ಸುಟ್ಟ ಬೂದಿ ಅನ್ನುತ್ತಾರೆ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇವು ಹಳೆಯ ದನದ ದೊಡ್ಡಿಗಳ ಸಗಣಿ ಸುಟ್ಟ ರಾಶಿ ಇರಬೇಕು ಅಂತ 19ನೇ ಶತಮಾನದಲ್ಲೇ ಅಂದಾಜು ಮಾಡಿದ್ದರು. ಲಿಂಗಸುಗೂರು ತಾಲ್ಲೂಕಿನ ಪಿಕ್ಲಿಹಾಳದಲ್ಲಿ, ಆಮೇಲೆ ಈಗಿನ ತೆಲಂಗಾಣದ ಉಟ್ನೂರಿನಲ್ಲಿ ಅಗೆದ ರೇಮಂಡ್ ಆಲ್ಚಿನ್ ಅದನ್ನು ಗಟ್ಟಿ ಮಾಡಿದರು. ನಾಲ್ಕು ಸಾವಿರ ವರ್ಷ ದಾಟಿದ ಬೂದಿಯೂ ಅಲ್ಲಿದೆ. ಒಲೆಯಿಂದ ತೆಗೆದ ಬೂದಿಯಲ್ಲ ಅದು, ದೊಡ್ಡಿಯ ಸಗಣಿ ರಾಶಿಗೇ ಬೆಂಕಿ ಇಟ್ಟದ್ದು. ಯಾಕೆ ಇಟ್ಟರು ಅನ್ನುವ ಬಗ್ಗೆ ವಿದ್ವಾಂಸರ ಜಗಳ ಇನ್ನೂ ಮುಗಿದಿಲ್ಲ.

ಕಡ್ಡಿಪೆಟ್ಟಿಗೆ ಬರುವ ಮುಂಚೆ ಕಿಡಿ ಎಲ್ಲಿಂದ ಬರುತ್ತಿತ್ತು? ಚಕಮಕಿ ಕಲ್ಲಿನಿಂದ. ಕಲ್ಲಿಗೆ ಉಕ್ಕಿನ ತುಂಡು ಬಡಿದು, ಕಿಡಿಯನ್ನು ಹತ್ತಿಯ ಮೇಲೆ ಬೀಳಿಸಿ ಊದಬೇಕು. ಈ ಮಾತು ತುರ್ಕಿ ಮೂಲದ್ದು. ಚಕ್ಮಕ್ ಅಂದರೆ ಬಡಿದು ಕಿಡಿ ಎಬ್ಬಿಸುವುದು. ಪಾರಸಿ, ಉರ್ದು ಬಾಯಿಗಳನ್ನು ದಾಟಿ ನಮ್ಮಲ್ಲಿಗೆ ಬಂತು. ಇಂದಿಗೂ ಇಸ್ತಾಂಬುಲ್‌ನಲ್ಲಿ ಸಿಗರೇಟು ಲೈಟರ್ ಬೇಕಾದರೆ ಚಕ್ಮಕ್ ಕೊಡಿ ಅಂತಲೇ ಕೇಳಬೇಕು. ನಮ್ಮಲ್ಲಿ ಕಲ್ಲು ಮರೆತುಹೋಗಿ ಪೇಪರಿನ ‘ಮಾತಿನ ಚಕಮಕಿ’ ಮಾತ್ರ ಉಳಿದಿದೆ.

ದಿನಾ ಕಲ್ಲು ಬಡಿಯುವ ಕಷ್ಟ ಯಾರಿಗೆ ಬೇಕು? ರಾತ್ರಿ ಕೆಂಡಕ್ಕೆ ಬೂದಿ ಮುಚ್ಚಿಡುತ್ತಿದ್ದರು. ಗಾಳಿ ಕಡಿಮೆಯಾಗಿ ಕೆಂಡ ಬೆಳಗಿನ ತನಕ ಸಾಯದೆ ಉಳಿಯುತ್ತದೆ. ಬೆಳಿಗ್ಗೆ ಬೂದಿ ಕೆದರಿ, ಪುಳ್ಳೆ ಇಟ್ಟು, ಊದುಗೊಳವೆಯಲ್ಲಿ ಊದಿದರೆ ಆಯಿತು. ಯುರೋಪಿನಲ್ಲೂ ಇದೇ ಪದ್ಧತಿ. ಬೆಂಕಿ ಮುಚ್ಚುವ ಹೊತ್ತಾಯಿತು ಅಂತ ರಾತ್ರಿ ಗಂಟೆ ಬಾರಿಸುತ್ತಿದ್ದರು. ಬೆಂಕಿ ಮುಚ್ಚು ಅನ್ನುವ ಆ ಫ್ರೆಂಚ್ ಮಾತೇ ಇಂಗ್ಲಿಷಿಗೆ ಬಂದು ಕರ್ಫ್ಯೂ ಆಯಿತು.

ಮರದೊಳಗೆ ಅಡಗಿದ ಬೆಂಕಿ

ಕಿಡಿಯೂ ಇಲ್ಲ, ಕೆಂಡವೂ ಇಲ್ಲ ಅಂದರೆ ಮರಕ್ಕೆ ಮರ ತಿಕ್ಕಬೇಕು. ಸಂಸ್ಕೃತದ ಅರಣಿ ಇದೇ. ಕೆಳಗೊಂದು ತುಂಡು, ಮೇಲೊಂದು ತುಂಡು, ಹಗ್ಗ ಸುತ್ತಿ ಕಡೆಯುವುದು. ತಿಕ್ಕಾಟಕ್ಕೆ ಉದುರುವ ಮರದ ಪುಡಿ ಕಾದು ಕಪ್ಪಾಗಿ ಕೆಂಡವಾಗುತ್ತದೆ. ಯಾವ ಮರ ಅನ್ನುವುದಕ್ಕೂ ಕಟ್ಟಳೆ ಇದೆ: ಬನ್ನಿ ಮರದ ಮೇಲೆ ಹುಟ್ಟಿ ಬೆಳೆದ ಅರಳಿ ಆಗಬೇಕು. ಅದಕ್ಕೆ ಶಮೀಗರ್ಭ ಅಂತ ಹೆಸರು, ಅಗ್ನಿಗೂ ಅದೇ ಹೆಸರು. ಕಟ್ಟಳೆಯನ್ನು ಬದಿಗಿಟ್ಟು ನೋಡಿದರೂ ಅರಳಿ ಒಳ್ಳೆಯ ಆಯ್ಕೆ. ಹಗುರ ಮರ ಬೇಗ ಸವೆದು ಪುಡಿ ಕೊಡುತ್ತದೆ. ಗಟ್ಟಿ ಮರ ತಿಕ್ಕಿದಷ್ಟೂ ನುಣುಪಾಗುತ್ತದೆ, ಅಷ್ಟೇ.

ಸಾವಿರಾರು ಮೈಲಿ ಆಚೆ ನ್ಯೂಜಿಲೆಂಡಿನ ಮಾವೊರಿ ಜನ ಹೇಳುವ ಕಥೆ ಕೇಳಿ. ಬೆಂಕಿಯ ದೇವತೆ ಮಾಹುಯಿಕ ತನ್ನ ಉಗುರುಗಳಲ್ಲಿ ಬೆಂಕಿ ಇಟ್ಟುಕೊಂಡಿದ್ದಳು. ಮಾವುಯಿ ಅನ್ನುವ ತುಂಟ ಒಂದೊಂದೇ ಉಗುರು ಕೇಳಿ ಪಡೆದು ಆರಿಸುತ್ತಾ ಬಂದ. ಉಳಿದ ಕಡೆಯ ಬೆಂಕಿ ಕೈಕೋಮಾಕೊ ಮುಂತಾದ ಮರಗಳೊಳಗೆ ಸೇರಿಕೊಂಡಿತು. ಅದಕ್ಕೇ ಆ ಮರ ತಿಕ್ಕಿದರೆ ಬೆಂಕಿ ಬರುತ್ತದಂತೆ. ಯಾವ ಮರದಿಂದ ಬೆಂಕಿ ಬರುತ್ತದೆ ಅನ್ನುವುದನ್ನು ಮಕ್ಕಳು ಮರೆಯದ ಹಾಗೆ ಕಲಿಸುವುದಕ್ಕೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ ಅನ್ನಿಸುತ್ತದೆ.

ಹೋಮದ ಸಮಿಧೆಯನ್ನೂ ಇಲ್ಲಿ ಬಿಡುವಂತಿಲ್ಲ. ಎಕ್ಕ, ಮುತ್ತುಗ, ಉತ್ತರಾಣಿ, ಅರಳಿ, ಅತ್ತಿ, ಬನ್ನಿ ಹೀಗೆ ಒಂದೊಂದು ಗ್ರಹಕ್ಕೆ ಒಂದೊಂದು. ಕಡ್ಡಿ ಗೇಣುದ್ದ ಇರಬೇಕು, ಹೆಬ್ಬೆರಳಿಗಿಂತ ದಪ್ಪ ಇರಬಾರದು ಅನ್ನುವ ರೂಢಿ ಇದೆ. ಮೇಲಿನ ಸೀಳುವ ಲೆಕ್ಕ ನೆನಪಿದ್ದರೆ ಈ ಅಳತೆ ಯಾಕೆ ಅಂತ ಗೊತ್ತಾಗುತ್ತದೆ. ಸಮಿಧೆ, ಇಂಧನ ಎರಡಕ್ಕೂ ಹೊತ್ತಿಸು ಅನ್ನುವ ಒಂದೇ ಧಾತು. ಪೆಟ್ರೋಲ್ ಬಂಕಿನ ಬೋರ್ಡಿನ ಮೇಲಿರುವ ‘ಇಂಧನ’ವೂ ಇದೇ ಮನೆಯದು.

ಬನ್ನಿ ನಮಗೆ ಬೇರೆ ಕಾರಣಕ್ಕೆ ಗೊತ್ತು. ದಸರೆಯಲ್ಲಿ ಬನ್ನಿ ಎಲೆ ಕೊಟ್ಟು ‘ಬನ್ನಿ ತೊಗೊಂಡು ಬಂಗಾರದಂಗ ಇರೋಣ’ ಅನ್ನುತ್ತೇವೆ. ಈ ಬನ್ನಿಗೆ ದೂರದ ನೆಂಟ ಒಂದಿದೆ. ಊರ ಹೊರಗೆ, ಕೆರೆ ಅಂಗಳದಲ್ಲಿ, ರೈಲು ಹಳಿ ಬದಿಯಲ್ಲಿ ಎಲ್ಲಿ ನೋಡಿದರೂ ಕಾಣುವ ಬಳ್ಳಾರಿ ಜಾಲಿ. ಹೆಸರಿನಲ್ಲಿ ಬಳ್ಳಾರಿ ಇದೆ ಹೊರತು ಅದರ ತವರು ಮೆಕ್ಸಿಕೋ, ಮಧ್ಯ ಅಮೆರಿಕದ ಕಡೆ. ಬ್ರಿಟಿಷರು ಅದರ ಬೀಜವನ್ನು 1877ರ ಸುಮಾರಿಗೆ ತರಿಸಿ ಕಡಪ ಕಡೆಯ ಒಣ ನೆಲದಲ್ಲಿ ನೆಡಿಸಿದರು. ಆಗ ಕಡಪ, ಬಳ್ಳಾರಿ ಎರಡೂ ಮದ್ರಾಸ್ ಪ್ರಾಂತ್ಯದ ಅಕ್ಕಪಕ್ಕದ ಜಿಲ್ಲೆಗಳು. ಸಿಹಿ ಕಾಯಿಗಳನ್ನು ಆಡು, ಕುರಿ ತಿಂದವು. ಹಿಕ್ಕೆಯ ಜೊತೆ ಬೀಜ ಊರೂರಿಗೆ ಹೋಯಿತು.

ಬಂದ ಮರಕ್ಕೆ ಒಬ್ಬೊಬ್ಬರು ಒಂದೊಂದು ಹೆಸರಿಟ್ಟರು. ತೆಲುಗಿನವರಿಗೆ ಅದು ಸರ್ಕಾರು ತುಮ್ಮ, ಸರ್ಕಾರ ತಂದ ಜಾಲಿ. ತಮಿಳರಿಗೆ ಸೀಮೈ ಕರುವೇಲಂ, ಸೀಮೆಯಿಂದ ಬಂದ ಕರಿಜಾಲಿ. ಹಿಂದಿಯಲ್ಲಿ ವಿಲಾಯತಿ ಬಬೂಲ್. ಗುಜರಾತಿಗಳು ಗಾಂಡೊ ಬಾವಳ, ಮರಾಠಿಯವರು ವೇಡಿ ಬಾಭೂಳ, ಎರಡೂ ಕಡೆ ‘ಹುಚ್ಚು ಜಾಲಿ’. ಜೋಧಪುರದ ಅರಸರು ಮಾತ್ರ 1940ರಲ್ಲಿ ಅದಕ್ಕೆ ರಾಜಮರ್ಯಾದೆ ಕೊಟ್ಟು ‘ರಾಜವೃಕ್ಷ’ ಅಂತ ಸಾರಿದರು. ಕೆನ್ಯಾದಲ್ಲಿ ಅದರ ಹೆಸರು ಮಥೆಂಗೆ. ತವರಿನ ಹೆಸರು ಮೆಸ್ಕೀಟ್. ಅದು ನಾವಾತ್ಲ್ ಭಾಷೆಯ ಮಿಸ್ಕಿತ್ಲ್. ಹೊತ್ತಿಸುವ ಒಕೋತೆಗೆ ಹೆಸರಿಟ್ಟ ಜನರೇ ಕಾಯಿಸುವ ಈ ಮರಕ್ಕೂ ಹೆಸರಿಟ್ಟಿದ್ದರು.

ಕಾಯಿಸುವುದರಲ್ಲಿ ಬಳ್ಳಾರಿ ಜಾಲಿಗೆ ಎದುರಿಲ್ಲ. ಗಟ್ಟಿ ಮರ, ನಿಧಾನ ಉರಿ, ಒಳ್ಳೆಯ ಇದ್ದಿಲು. 2016ರಲ್ಲಿ ಉಜ್ವಲ ಯೋಜನೆ ಬಂದು ಗ್ಯಾಸ್ ಸಿಲಿಂಡರ್ ಹಳ್ಳಿ ಹಳ್ಳಿಗೆ ಹೋದ ಮೇಲೂ, ಸ್ನಾನದ ನೀರಿನ ಹಂಡೆ ಕೆಳಗೆ ಬಹಳ ಮನೆಗಳಲ್ಲಿ ಇದೇ ಉರಿಯುತ್ತದೆ. ಬೆಲೆ ಇಲ್ಲ, ಮುಳ್ಳು ಚುಚ್ಚಿಸಿಕೊಳ್ಳುವ ಧೈರ್ಯ ಇದ್ದರೆ ಸಾಕು. ನೆಲದ ನೀರು ಹೀರುತ್ತದೆ, ಹುಲ್ಲು ಬೆಳೆಯಲು ಬಿಡುವುದಿಲ್ಲ ಅನ್ನುವ ದೂರುಗಳೂ ಇವೆ, ಅದು ಬೇರೆಯೇ ದೊಡ್ಡ ಚರ್ಚೆ. ಬನ್ನಿ, ಬಳ್ಳಾರಿ ಜಾಲಿ ಎರಡನ್ನೂ ಸಸ್ಯವಿಜ್ಞಾನಿಗಳು ಬಹಳ ಕಾಲ ಪ್ರೊಸೊಪಿಸ್ ಅನ್ನುವ ಒಂದೇ ಕುಲದಲ್ಲಿ ಇಟ್ಟಿದ್ದರು. 2022ರಲ್ಲಿ ಆ ಕುಲವನ್ನು ಒಡೆದರು. ಈಗ ಬನ್ನಿ ಪ್ರೊಸೊಪಿಸ್ ಆಗಿಯೇ ಉಳಿದಿದೆ, ಬಳ್ಳಾರಿ ಜಾಲಿಗೆ ನೆಲ್ಟುಮ ಅನ್ನುವ ಕುಲದ ಹೆಸರು ಸಿಕ್ಕಿದೆ.